ದಾಂಪತ್ಯ ಭಾನುವಾರ ಮತ್ತು ಅದರ ಮುಂದಿನ ಕೆಲಸ: ಕ್ರೈಸ್ತ ಸಭೆಗಳಿಗೆ ಹಂತ ಹಂತದ ಮಾರ್ಗದರ್ಶಿ

‘ನಮ್ಮ ಸಭೆಯಲ್ಲಿ ದಂಪತಿಗಳಿಗಾಗಿ ಏನಾದರೂ ಮಾಡಬೇಕು ಅಂತ ಇದೆ, ಎಲ್ಲಿಂದ ಶುರುಮಾಡುವುದು?’ ಈ ಪ್ರಶ್ನೆ ಕರಾವಳಿಯಿಂದಲೂ ಧಾರವಾಡ–ಗದಗದ ಕಡೆಯಿಂದಲೂ ಬೆಂಗಳೂರಿನ ಬಡಾವಣೆಗಳಿಂದಲೂ ಬರುತ್ತಲೇ ಇದೆ. ಮದುವೆಯ ದಿನಕ್ಕೆ ಸಭೆಯೇ ನೆರೆದು ಹಾಡುತ್ತದೆ. ಆದರೆ ಮೂರನೇ ವರ್ಷ ಸಾಲ ಕುತ್ತಿಗೆಗೆ ಬಂದಾಗ, ಹತ್ತನೇ ವರ್ಷ ಮಾತೇ ನಿಂತುಹೋದಾಗ ಆ ಗಂಡ ಹೆಂಡತಿ ಯಾರ ಬಾಗಿಲು ತಟ್ಟಬೇಕೆಂದು ತಿಳಿಯದೆ ಕೂರುತ್ತಾರೆ. ಅದಕ್ಕೇ ಕೆಳಗಿನ ಕ್ರಮದಲ್ಲಿ ವರ್ಷಕ್ಕೊಂದು ಹಬ್ಬದ ಭಾನುವಾರವಿದೆ, ಅದರ ಬೆನ್ನಿಗೇ ವರ್ಷಪೂರ್ತಿ ನಡೆಯುವ ಕೆಲಸವೂ ಇದೆ. ಎರಡರಲ್ಲಿ ಒಂದನ್ನೇ ಮಾಡುವಷ್ಟು ಶಕ್ತಿ ಇದ್ದರೆ ಎರಡನೆಯದನ್ನೇ ಮಾಡಿ.

ಇಲ್ಲಿ ‘ಸಭೆ’ ಎಂದಾಗ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ), ಮೆಥೊಡಿಸ್ಟ್, ಸ್ವತಂತ್ರ ಸಭೆಗಳ ಜೊತೆಗೆ ಕ್ಯಾಥೊಲಿಕ್ ಧರ್ಮಕೇಂದ್ರವೂ ಸೇರಿತು. ಲೆಕ್ಕಗಳನ್ನೆಲ್ಲ ಸುಮಾರು 120 ಕುಟುಂಬಗಳ ಸಭೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹಾಕಿದ್ದೇವೆ.

ಏನೇನು ಬೇಕು?

ಹನ್ನೆರಡು ವಾರಗಳ ಸಮಯ, ಆರು ಜನರ ತಂಡ, ಸಭೆಯ ಮದುವೆ ರಿಜಿಸ್ಟರು, ಒಂದು ಊಟದ ಖರ್ಚು. ತಂಡದಲ್ಲಿ ಸಭಾಪಾಲಕರು ಅಥವಾ ಧರ್ಮಗುರುಗಳು ಒಬ್ಬರು. ಮದುವೆಯಾಗಿ ಹತ್ತು ವರ್ಷದೊಳಗಿನ ಒಂದು ಜೋಡಿ. ಇಪ್ಪತ್ತೈದು ವರ್ಷ ದಾಟಿದ ಒಂದು ಜೋಡಿ. ಆರನೆಯವರು ಸಂಗಾತಿಯನ್ನು ಕಳೆದುಕೊಂಡವರು ಅಥವಾ ಒಂಟಿಯಾಗಿ ಬದುಕುತ್ತಿರುವವರು. ಈ ಆರನೆಯವರನ್ನು ದಯವಿಟ್ಟು ಬಿಡಬೇಡಿ. ಬರೀ ಜೋಡಿಗಳೇ ಕೂತು ಯೋಜಿಸಿದ ಕಾರ್ಯಕ್ರಮದಲ್ಲಿ ವಿಧವೆಯರಿಗೆ ಎಲ್ಲಿ ಜಾಗ ಎಂಬ ಮಾತು ಹಿಂದಿನ ರಾತ್ರಿಯವರೆಗೂ ಯಾರಿಗೂ ಹೊಳೆಯುವುದಿಲ್ಲ.

ಹಂತ 1: ದಿನ ಗೊತ್ತುಮಾಡುವುದು

ಫೆಬ್ರವರಿಯ ಎರಡನೇ ಭಾನುವಾರವನ್ನು ಹಲವು ದೇಶಗಳ ಸಭೆಗಳು ವಿಶ್ವ ವಿವಾಹ ದಿನವಾಗಿ ಆಚರಿಸುತ್ತವೆ. 1980ರ ದಶಕದಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ಶುರುವಾದ ರೂಢಿ ಇದು. ನಮ್ಮಲ್ಲಿ ಈ ದಿನಕ್ಕೆ ಎರಡು ತೊಡಕುಗಳಿವೆ. ಒಂದು, ತಪಸ್ಸುಕಾಲ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು. 2027ರಲ್ಲಿ ಅದು ಶುರುವಾಗುವ ವಿಭೂತಿ ಬುಧವಾರ ಫೆಬ್ರವರಿ 10ಕ್ಕೇ ಬರುವುದರಿಂದ ಎರಡನೇ ಭಾನುವಾರ, ಅಂದರೆ 14ನೇ ತಾರೀಖು, ತಪಸ್ಸುಕಾಲದ ಮೊದಲ ಭಾನುವಾರವಾಗುತ್ತದೆ. ಹೂವು, ಹಬ್ಬದೂಟ ಆ ಕಾಲಕ್ಕೆ ಹೊಂದುವುದಿಲ್ಲ. ಒಂದು ವಾರ ಮುಂಚೆ, 7ಕ್ಕೆ ಇಟ್ಟುಕೊಳ್ಳಿ. ಎರಡು, ಎಸ್‌ಎಸ್‌ಎಲ್‌ಸಿ, ಪಿಯುಸಿ ಮಕ್ಕಳಿರುವ ಮನೆಗಳಿಗೆ ಅದು ಪರೀಕ್ಷೆಯ ತಯಾರಿಯ ಹೊತ್ತು. ಕಾರ್ಯಕ್ರಮ ಮಧ್ಯಾಹ್ನ ಎರಡಕ್ಕೆ ಮುಗಿಯಬೇಕು.

ಕರಾವಳಿಯವರಿಗೆ ಕ್ರಿಸ್ಮಸ್ ನಂತರದ ಭಾನುವಾರ ಇನ್ನೂ ಒಳ್ಳೆಯದು. ಕ್ಯಾಥೊಲಿಕರಿಗೆ ಅದು ಪವಿತ್ರ ಕುಟುಂಬದ ಹಬ್ಬ. ಗಲ್ಫ್, ಮುಂಬೈಗಳಲ್ಲಿ ದುಡಿಯುವವರು ಊರಿಗೆ ಬಂದಿರುವ ದಿನವೂ ಹೌದು. ಸಿಎಸ್‌ಐ ಸಭೆಗಳು ತಮ್ಮ ವಾರ್ಷಿಕ ಆಲ್ಮನಾಕ್‌ನಲ್ಲಿ (ಆರಾಧನಾ ಪಂಚಾಂಗದಲ್ಲಿ) ಆ ದಿನಕ್ಕೆ ಬೇರೆ ವಿಷಯ ನಿಗದಿಯಾಗಿದೆಯೇ ಎಂದು ಮೊದಲು ನೋಡಿಕೊಳ್ಳಲಿ.

ಹಂತ 2: ಹೆಸರುಗಳ ಪಟ್ಟಿ

ಮದುವೆ ರಿಜಿಸ್ಟರೊಂದನ್ನೇ ನಂಬಿದರೆ ಪಟ್ಟಿ ಅರ್ಧವೇ ಆಗುತ್ತದೆ. ಮದುವೆ ಸಾಮಾನ್ಯವಾಗಿ ಒಬ್ಬರ ಊರಿನ ಸಭೆಯಲ್ಲಿ ದಾಖಲಾಗಿರುತ್ತದೆ, ಸಂಸಾರ ಇನ್ನೊಂದು ಕಡೆ ನಡೆಯುತ್ತಿರುತ್ತದೆ. ಹತ್ತು ವಾರ ಮುಂಚೆಯೇ ಒಂದು ಚಿಕ್ಕ ಚೀಟಿ ಹಂಚಿ: ಇಬ್ಬರ ಹೆಸರು, ಮದುವೆಯ ದಿನಾಂಕ, ನಡೆದ ಊರು, ಅಷ್ಟೇ. ಮೊದಲ ವರ್ಷದವರು, 10, 25, 40, 50 ವರ್ಷ ತುಂಬಿದವರು ಯಾರು ಎಂದು ಅದರಿಂದ ಗುರುತು ಮಾಡಿಕೊಳ್ಳಿ.

ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಾಕಬೇಡಿ, ವಾಟ್ಸಾಪ್ ಗುಂಪಿಗೂ ಕಳಿಸಬೇಡಿ. ಬೇರೆಯಾಗಿರುವವರು, ಕೋರ್ಟಿನಲ್ಲಿ ಕೇಸು ನಡೆಯುತ್ತಿರುವವರು ಪ್ರತಿ ಸಭೆಯಲ್ಲೂ ಇರುತ್ತಾರೆ. ಅವರ ಹೆಸರು ಇದ್ದರೂ ನೋವು, ಇಲ್ಲದಿದ್ದರೂ ನೋವು. ಇಂಥವರಿಗೆ ಸಭಾಪಾಲಕರೇ ಮುಂಚಿತವಾಗಿ ಫೋನು ಮಾಡಿ, ಅಂದು ಏನೇನು ನಡೆಯುತ್ತದೆ ಎಂದು ತಿಳಿಸಿ, ಬರುವುದೂ ಬಿಡುವುದೂ ನಿಮ್ಮಿಷ್ಟ, ಏನೂ ಅಂದುಕೊಳ್ಳುವುದಿಲ್ಲ ಎಂದು ಹೇಳಬೇಕು. ಇದೇ ವರ್ಷ ಸಂಗಾತಿಯನ್ನು ಕಳೆದುಕೊಂಡವರ ಮನೆಗೆ ತಂಡದ ಇಬ್ಬರು ಖುದ್ದಾಗಿ ಹೋಗಿಬರಬೇಕು.

ಹಂತ 3: ಆರಾಧನೆಯ ಕ್ರಮ

ಎಲ್ಲಕ್ಕಿಂತ ಹೆಚ್ಚು ತಯಾರಿ ಬೇಡುವ ಭಾಗ ಇದು. ಎಂದಿನ ಆರಾಧನೆಗೆ ಅಥವಾ ಕ್ಯಾಥೊಲಿಕರ ಬಲಿಪೂಜೆಗೆ ಹದಿನೈದು ನಿಮಿಷ ಸೇರಿಸಿ, ಅದಕ್ಕಿಂತ ಹೆಚ್ಚು ಬೇಡ.

ವಾಚನಗಳು: ಕಾನಾ ಊರಿನ ಮದುವೆ (ಯೋಹಾನ 2:1–11), ಕೊಲೊಸ್ಸೆಯವರಿಗೆ 3:12–17, ಪ್ರಸಂಗಿ 4:9–12 ಚೆನ್ನಾಗಿ ಒಪ್ಪುತ್ತವೆ. ಕ್ಯಾಥೊಲಿಕ್ ಬೈಬಲಿನಲ್ಲಿರುವ ತೋಬಿತನ ಗ್ರಂಥದಲ್ಲಿ ತೋಬಿಯ ಮತ್ತು ಸಾರಾ ಮದುವೆಯ ರಾತ್ರಿ ಮಾಡುವ ಪ್ರಾರ್ಥನೆಯೂ (8:4–8) ಆಗಬಹುದು. ಎಫೆಸದವರಿಗೆ ಬರೆದ ಪತ್ರದ 5ನೇ ಅಧ್ಯಾಯವನ್ನು ಓದುವುದಾದರೆ 21ನೇ ವಚನದಿಂದ ಶುರುಮಾಡಿ. ‘ಒಬ್ಬರಿಗೊಬ್ಬರು ತಗ್ಗಿ ನಡೆಯಿರಿ’ ಎಂಬ ಆ ಮಾತನ್ನು ಬಿಟ್ಟು 22ರಿಂದ ಓದಿದರೆ ಹೆಂಡತಿಯರಿಗಷ್ಟೇ ಬುದ್ಧಿ ಹೇಳಿದಂತೆ ಕೇಳಿಸುತ್ತದೆ. ಗಂಡಂದಿರಿಗೆ ಪೌಲನು ಹೇಳುವ ಭಾರವಾದ ಮಾತು, ಪ್ರಾಣವನ್ನೇ ಕೊಡುವಂಥ ಪ್ರೀತಿ, ಹಿಂದೆ ಉಳಿದುಬಿಡುತ್ತದೆ. ಪ್ರಸಂಗ ಹನ್ನೆರಡು ನಿಮಿಷ ಸಾಕು.

ವಾಗ್ದಾನದ ನವೀಕರಣ: ಪ್ರಸಂಗದ ನಂತರ ದಂಪತಿಗಳನ್ನು ತಾವು ಕೂತಲ್ಲೇ ನಿಲ್ಲಿಸಿ. ಎಲ್ಲರನ್ನೂ ಪೀಠದ ಮುಂದೆ ಕರೆದರೆ ಗದ್ದಲ. ಅದಕ್ಕಿಂತ ಹೆಚ್ಚಾಗಿ, ಕೂತೇ ಉಳಿದವರು ಯಾರು ಎಂದು ಎಲ್ಲರ ಕಣ್ಣೂ ಹುಡುಕುತ್ತದೆ. ಎದುರುಬದುರಾಗಿ ನಿಂತು, ಬಲಗೈ ಹಿಡಿದು, ಸಭಾಪಾಲಕರು ಹೇಳಿಕೊಟ್ಟಂತೆ ತುಂಡುತುಂಡಾಗಿ ಹೇಳಲಿ. ಒಂದು ಮಾದರಿ:

‘ಅಂದು ದೇವರ ಮುಂದೆ ನಿನ್ನ ಕೈ ಹಿಡಿದು ಮಾತು ಕೊಟ್ಟೆ. ಆ ಮಾತನ್ನು ಇಂದು ಮನಸಾರೆ ಮತ್ತೆ ಹೇಳುತ್ತೇನೆ. ಸುಖದಲ್ಲೂ ಕಷ್ಟದಲ್ಲೂ, ಇದ್ದಾಗಲೂ ಇಲ್ಲದಾಗಲೂ, ಆರೋಗ್ಯದಲ್ಲೂ ಕಾಯಿಲೆಯಲ್ಲೂ ನಿನ್ನ ಜೊತೆಗಿರುತ್ತೇನೆ. ನಿನ್ನನ್ನು ಗೌರವಿಸುತ್ತೇನೆ, ನಿನ್ನ ಮಾತಿಗೆ ಕಿವಿಗೊಡುತ್ತೇನೆ. ದೇವರು ನನಗೆ ಸಹಾಯ ಮಾಡಲಿ.’

ಹಿರಿಯ ಹೆಂಗಸರಿಗೆ ಗಂಡನನ್ನು ಎಲ್ಲರೆದುರು ‘ನಿನ್ನ’ ಎನ್ನಲು ಮುಜುಗರವಾಗುತ್ತದೆ. ಹಾಳೆಯಲ್ಲಿ ‘ನಿಮ್ಮ’ ಎಂದೂ ಅಚ್ಚುಹಾಕಿಸಿ, ಯಾವುದು ನಾಲಿಗೆಗೆ ಬರುತ್ತದೋ ಅದನ್ನು ಹೇಳಲಿ. ಕೊಂಕಣಿ, ತುಳು, ತಮಿಳು ಮನೆಮಾತಿನವರು ಇದ್ದರೆ ಆ ಭಾಷೆಯಲ್ಲೂ ನಾಲ್ಕು ಸಾಲು ಇರಲಿ.

ಮಾದರಿಯಲ್ಲಿ ‘ನಿನ್ನನ್ನು ಕ್ಷಮಿಸಿದ್ದೇನೆ’ ಎಂಬ ಸಾಲನ್ನು ಬೇಕೆಂದೇ ಬಿಟ್ಟಿದ್ದೇವೆ. ಮನೆಯಲ್ಲಿ ಪೆಟ್ಟು ತಿನ್ನುವ ಹೆಣ್ಣುಮಗಳು ಆ ದಂಪತಿಗಳ ನಡುವೆ ನಿಂತಿರಬಹುದು. ಅವಳ ಬಾಯಿಂದ ಸಾರ್ವಜನಿಕವಾಗಿ ಕ್ಷಮೆ ಹೇಳಿಸುವ ಹಕ್ಕು ಸಭೆಗಿಲ್ಲ. ಬದಲಿಗೆ ಒಂದು ನಿಮಿಷದ ಮೌನ ಕೊಡಿ.

ನಂತರ ಉಂಗುರ, ಮಾಂಗಲ್ಯ ಅಥವಾ ಕರಿಮಣಿಯ ಮೇಲೆ ಕೈಯಿಟ್ಟುಕೊಳ್ಳಲು ಹೇಳಿ ಆಶೀರ್ವಾದದ ಪ್ರಾರ್ಥನೆ. ಹೊಸದಾಗಿ ಉಂಗುರ ತೊಡಿಸುವುದು, ತಾಳಿ ಕಟ್ಟುವುದು ಬೇಡ. ಇದು ಎರಡನೇ ಮದುವೆಯಲ್ಲ, ರಿಜಿಸ್ಟರಿನಲ್ಲಿ ದಾಖಲೆಯೂ ಇಲ್ಲ. ಕ್ಯಾಥೊಲಿಕ್ ವಿವಾಹ ವಿಧಿಯ ಪುಸ್ತಕದಲ್ಲೇ ವಾರ್ಷಿಕೋತ್ಸವದ ಆಶೀರ್ವಾದಕ್ಕೆ ಕ್ರಮವಿದೆ, ಅದನ್ನೇ ಬಳಸಿ. ಸಂಗಾತಿ ಬೇರೆ ಧರ್ಮದವರಾಗಿದ್ದರೆ ಅವರಿಗೆ ಹಾಳೆಯನ್ನು ಮುಂಚೆಯೇ ತೋರಿಸಿ. ಮನಸ್ಸಿದ್ದರೆ ಹೇಳಲಿ, ಇಲ್ಲದಿದ್ದರೆ ಕೈ ಹಿಡಿದು ನಿಂತರೆ ಸಾಕು.

ವಿಜ್ಞಾಪನೆಯ ಪ್ರಾರ್ಥನೆಗಳಲ್ಲಿ ನಾಲ್ಕು ಗುಂಪುಗಳನ್ನು ಹೆಸರಿಸಿ: ಸಂಗಾತಿ ತೀರಿಕೊಂಡವರು, ದೂರವಾಗಿರುವವರು, ಮದುವೆಯಾಗದವರು, ಮಕ್ಕಳಿಗಾಗಿ ಹಂಬಲಿಸುತ್ತಿರುವವರು. ಈ ಪ್ರಾರ್ಥನೆ ಓದುವ ಕೆಲಸವನ್ನು ತಂಡದ ಆ ಆರನೆಯವರಿಗೇ ಕೊಡಿ.

ಹಂತ 4: ಊಟ ಮತ್ತು ಮಾತು

ಪುಲಾವ್ ಅಥವಾ ಬಿರಿಯಾನಿಗೆ ತಲೆಗೆ 100ರಿಂದ 120 ಗ್ರಾಂ ಅಕ್ಕಿ. 150 ಜನಕ್ಕೆ 15ರಿಂದ 18 ಕಿಲೋ. ಅಡುಗೆಯನ್ನು ಸ್ತ್ರೀಯರ ಸಂಘದ ತಲೆಗೆ ಕಟ್ಟಬೇಡಿ. ದಾಂಪತ್ಯ ಭಾನುವಾರದಂದು ಹೆಂಡತಿಯರು ಒಲೆಯ ಮುಂದೆ, ಗಂಡಂದಿರು ಕುರ್ಚಿಯ ಮೇಲೆ ಎಂದಾದರೆ ಬೆಳಿಗ್ಗೆ ಹೇಳಿದ ವಾಗ್ದಾನಕ್ಕೇ ಅವಮಾನ. ಯುವಜನ ಸಂಘದವರು ಬಡಿಸಲಿ, ಅಡುಗೆಗೆ ಹೊರಗಿನವರನ್ನು ಕರೆಯಿರಿ.

‘ಅತ್ಯುತ್ತಮ ಜೋಡಿ’ ಸ್ಪರ್ಧೆ, ಗಂಡನ ಗುಟ್ಟು ಹೇಳಿಸುವ ಆಟ, ಮಕ್ಕಳಿಲ್ಲದವರನ್ನು ಬದಿಗಿಡುವ ಆಟ ಯಾವುದೂ ಬೇಡ. ಊಟದ ಮೇಜಿಗೆ ಒಂದೊಂದು ಕಾರ್ಡು ಇಡಿ, ಅದರಲ್ಲಿ ಮೂರು ಪ್ರಶ್ನೆಗಳಿರಲಿ: ಈ ವರ್ಷ ನಾನು ಮಾಡಿದ ಯಾವ ಕೆಲಸದಿಂದ ನಿನ್ನ ಭಾರ ಹಗುರವಾಯಿತು? ಯಾವ ವಿಷಯ ಮಾತಾಡುವುದನ್ನು ನಾವು ಮುಂದೂಡುತ್ತಿದ್ದೇವೆ? ಮುಂದಿನ ತಿಂಗಳು ಇಬ್ಬರೇ ಒಂದು ಗಂಟೆ ಎಲ್ಲಿ ಕೂರಬಹುದು? ಉತ್ತರ ಅವರಿಬ್ಬರಿಗೇ, ಮೈಕಿಗೆ ಬರುವುದು ಬೇಡ.

ಹಂತ 5: ಮದುವೆಗೆ ಮುಂಚಿನ ತರಗತಿ

ಸಭೆ ಮದುವೆಗಳನ್ನು ಗಟ್ಟಿಮಾಡುವ ನಿಜವಾದ ಜಾಗ ಇದು. ತಪಸ್ಸುಕಾಲದಲ್ಲೂ ಆಗಮನಕಾಲದಲ್ಲೂ (ಕ್ರಿಸ್ಮಸ್‌ಗೆ ಮುಂಚಿನ ವಾರಗಳು) ಹೆಚ್ಚಿನ ಸಭೆಗಳು ಮದುವೆ ಇಟ್ಟುಕೊಳ್ಳುವುದಿಲ್ಲವಾದ್ದರಿಂದ ಮದುವೆಗಳು ಜನವರಿಗೆ ಮತ್ತು ಈಸ್ಟರ್ ನಂತರದ ಏಪ್ರಿಲ್–ಮೇ ತಿಂಗಳಿಗೆ ಒತ್ತಿಕೊಳ್ಳುತ್ತವೆ. ಹಾಗಾಗಿ ಅಕ್ಟೋಬರಿನಲ್ಲೊಂದು, ಜನವರಿ ಕೊನೆಗೊಂದು ಎಂದು ವರ್ಷಕ್ಕೆ ಎರಡು ತರಗತಿ ಸಾಕು. ಛತ್ರ ಬುಕ್ ಆಗಿ, ಕಾರ್ಡು ಹಂಚಿದ ಮೇಲೆ ತರಗತಿಗೆ ಬಂದ ಜೋಡಿ ಯಾವ ಪ್ರಶ್ನೆಯನ್ನೂ ಬಾಯಿಬಿಟ್ಟು ಕೇಳುವುದಿಲ್ಲ. ನಿಶ್ಚಿತಾರ್ಥಕ್ಕೆ ಮುಂಚೆ, ತಡವಾದರೆ ಮದುವೆಗೆ ಮೂರು ತಿಂಗಳು ಮುಂಚೆ ತರಗತಿ ಮುಗಿದಿರಬೇಕು.

ತಲಾ ಒಂದೂವರೆ ಗಂಟೆಯ ಆರು ಕೂಟಗಳು:

1. ವಾಗ್ದಾನದ ಅರ್ಥ, ವಿವಾಹ ವಿಧಿಯ ಒಂದೊಂದು ಮಾತನ್ನೂ ಓದಿ ಬಿಡಿಸುವುದು.

2. ಮಾತು ಮತ್ತು ಜಗಳ. ಅಪ್ಪ ಅಮ್ಮ ಹೇಗೆ ಜಗಳವಾಡುತ್ತಿದ್ದರು, ಜಗಳ ಹೇಗೆ ಮುಗಿಯುತ್ತಿತ್ತು ಎಂದು ಇಬ್ಬರೂ ಹೇಳಿಕೊಳ್ಳಲಿ.

3. ಹಣ. ಇಬ್ಬರಿಗೂ ಬೇರೆ ಬೇರೆ ಹಾಳೆ ಕೊಡಿ. ಸಂಬಳ, ಕೈಸಾಲ, ಚಿನ್ನದ ಮೇಲಿನ ಸಾಲ, ಚೀಟಿ, ತಂದೆತಾಯಿಗೆ ಪ್ರತಿ ತಿಂಗಳು ಕೊಡುವ ಮೊತ್ತ, ಈ ಮದುವೆಗಾಗಿ ಎತ್ತುತ್ತಿರುವ ಸಾಲ ಎಲ್ಲವನ್ನೂ ಬರೆದು ಹಾಳೆ ಬದಲಿಸಿಕೊಳ್ಳಲಿ. ವರದಕ್ಷಿಣೆಯ ವಿಷಯವನ್ನು ಇಲ್ಲೇ ನೇರವಾಗಿ ಹೇಳಿ: 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಪ್ರಕಾರ ತೆಗೆದುಕೊಳ್ಳುವುದೂ ಕೊಡುವುದೂ ಅಪರಾಧ, ಕನಿಷ್ಠ ಐದು ವರ್ಷ ಜೈಲು. ‘ಹುಡುಗಿಗೆ ಪ್ರೀತಿಯಿಂದ ಕೊಟ್ಟದ್ದು’ ಎಂಬ ಹೆಸರಿನಲ್ಲಿ ಬೀಗರು ಕೇಳಿ ಪಡೆದದ್ದೂ ಅದರೊಳಗೇ ಬರುತ್ತದೆ.

4. ಎರಡು ಮನೆಗಳು. ಎಲ್ಲಿ ವಾಸ, ಅತ್ತೆ ಮಾವನ ಆರೈಕೆ, ಹಬ್ಬಕ್ಕೆ ಯಾರ ಮನೆ, ಸೊಸೆಯ ಕೆಲಸ ಮುಂದುವರಿಯುತ್ತದೆಯೇ. ಕೊನೆಯ ಅರ್ಧ ಗಂಟೆಗೆ ತಂದೆತಾಯಿಗಳನ್ನೂ ಕರೆಯಿರಿ.

5. ದೇಹ, ಮಕ್ಕಳು, ಆರೋಗ್ಯ. ಸಭೆಯ ಡಾಕ್ಟರೋ ನರ್ಸೋ ತೆಗೆದುಕೊಳ್ಳಲಿ. ಹುಡುಗ ಹುಡುಗಿಯರಿಗೆ ಮೊದಲು ಬೇರೆ ಬೇರೆ, ಆಮೇಲೆ ಒಟ್ಟಿಗೆ. ಮುಂಚಿನಿಂದ ಇರುವ ಕಾಯಿಲೆ, ಮನೋರೋಗದ ಔಷಧಿ, ಕುಡಿತ ಇವನ್ನು ಮುಚ್ಚಿಟ್ಟು ಆದ ಮದುವೆ ಮೊದಲ ವರ್ಷದಲ್ಲೇ ಬಿರುಕು ಬಿಡುತ್ತದೆ.

6. ದಾಖಲೆ ಮತ್ತು ಕಾನೂನು. ನಂತರ ಪ್ರತಿ ಜೋಡಿಯೊಂದಿಗೆ ಸಭಾಪಾಲಕರ ಮಾತು. ಇಲ್ಲಿ ಹುಡುಗ, ಹುಡುಗಿ ಒಬ್ಬೊಬ್ಬರನ್ನೇ ಕೂರಿಸಿಕೊಂಡು ‘ಈ ಮದುವೆಗೆ ನಿನಗೆ ಮನಸ್ಸಿದೆಯಾ, ಯಾರಾದರೂ ಒತ್ತಾಯ ಮಾಡಿದ್ದಾರಾ?’ ಎಂದು ಕೇಳಲೇಬೇಕು.

ಕಾನೂನಿನ ವಿಷಯದಲ್ಲಿ ತಪ್ಪಾಗುವುದು ಹೀಗೆ. ನಮ್ಮ ಮದುವೆಗಳು ನಡೆಯುವುದು 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯಡಿ. ಹುಡುಗನಿಗೆ 21, ಹುಡುಗಿಗೆ 18 ತುಂಬಿರಬೇಕು. ಇಬ್ಬರು ಸಾಕ್ಷಿಗಳು ಬೇಕು. ಬೆಳಿಗ್ಗೆ 6ರಿಂದ ಸಂಜೆ 7ರ ಒಳಗೆ ವಿಧಿ ನಡೆಯಬೇಕು (ಬಿಷಪರ ವಿಶೇಷ ಅನುಮತಿಯಿಂದ ಕ್ಯಾಥೊಲಿಕ್ ಗುರುಗಳಿಗೆ ವಿನಾಯಿತಿ ಸಿಗಬಹುದು). ಕಾಯ್ದೆ ಒಪ್ಪುವ ವ್ಯಕ್ತಿ ಮಾತ್ರ ಮದುವೆ ಮಾಡಿಸಬಹುದು. ಬಿಷಪರಿಂದ ಗುರುದೀಕ್ಷೆ ಪಡೆದವರಿಗೆ ಈ ಅಧಿಕಾರ ಇದೆ. ಸ್ವತಂತ್ರ ಸಭೆಗಳ ಪಾಸ್ಟರಿಗೆ ಸರ್ಕಾರದ ಲೈಸೆನ್ಸ್ ಬೇಕು. ಲೈಸೆನ್ಸ್ ಇಲ್ಲದವರು ಮಾಡಿಸಿದ ಮದುವೆಯ ಸರ್ಟಿಫಿಕೇಟು ಪಾಸ್‌ಪೋರ್ಟ್, ವೀಸಾ, ಪಿಂಚಣಿಯ ಹೊತ್ತಿಗೆ ಕೈಕೊಡುತ್ತದೆ. ತಿಂಗಳುಗಳ ಹಿಂದೆಯೇ ಇದನ್ನು ವಿಚಾರಿಸಿಕೊಳ್ಳಿ.

ಮದುವೆ ಪ್ರಕಟಣೆ ಎಂದರೆ ‘ಇವರಿಬ್ಬರ ಮದುವೆಗೆ ಅಡ್ಡಿ ಗೊತ್ತಿದ್ದವರು ತಿಳಿಸಿ’ ಎಂದು ಸಾಮಾನ್ಯವಾಗಿ ಮೂರು ಭಾನುವಾರ ಎರಡೂ ಕಡೆಯ ಸಭೆಗಳಲ್ಲಿ ಓದುವುದು. ಕ್ಯಾಥೊಲಿಕರಿಗೆ ಆರು ತಿಂಗಳೊಳಗೆ ಹೊಸದಾಗಿ ಪಡೆದ ದೀಕ್ಷಾಸ್ನಾನದ ಪತ್ರ ಬೇಕಾಗುತ್ತದೆ. ಅದು ಹುಟ್ಟೂರಿನ ಧರ್ಮಕೇಂದ್ರದಿಂದ ಬರಬೇಕು, ಕೊನೆಯ ವಾರದ ಓಡಾಟಕ್ಕೆ ಮುಖ್ಯ ಕಾರಣ ಇದೇ. ಅನ್ಯಧರ್ಮದವರೊಂದಿಗಿನ ಮದುವೆಗೆ ಬಿಷಪರ ಅನುಮತಿಯೂ ಬೇಕು. 1954ರ ವಿಶೇಷ ವಿವಾಹ ಕಾಯ್ದೆಯಡಿ ನೋಂದಣಿ ಕಚೇರಿಯಲ್ಲಿ ಮದುವೆಯಾಗುವವರು 30 ದಿನಗಳ ನೋಟಿಸ್ ಅವಧಿಯನ್ನು ಲೆಕ್ಕದಲ್ಲಿಟ್ಟುಕೊಳ್ಳಲಿ.

ಹಂತ 6: ಒಡನಾಡಿ ದಂಪತಿ

ಪ್ರತಿ ಹೊಸ ಜೋಡಿಗೆ ಮದುವೆಯಾಗಿ ಹತ್ತು ವರ್ಷ ದಾಟಿದ ಒಂದು ಜೋಡಿಯನ್ನು ಜೊತೆಮಾಡಿ. ಒಂದು ಒಡನಾಡಿ ಜೋಡಿಗೆ ಎರಡು ಹೊಸ ಜೋಡಿಗಿಂತ ಹೆಚ್ಚು ಬೇಡ. ಭೇಟಿ ಮದುವೆಯಾದ ಮೂರನೇ, ಆರನೇ, ಹನ್ನೆರಡನೇ ತಿಂಗಳಿಗೆ, ಆಮೇಲೆ ವರ್ಷಕ್ಕೆ ಎರಡು ಸಲ, ಐದು ವರ್ಷದವರೆಗೆ. ಹೋಗುವ ಮುಂಚೆ ಫೋನು ಮಾಡಿ, ಚಹಾ ಕುಡಿದು, ಒಂದು ಗಂಟೆಯಲ್ಲಿ ಏಳಬೇಕು.

‘ಏನು, ವಿಶೇಷ ಇಲ್ವಾ?’ ಎಂದು ಮಗುವಿನ ವಿಷಯ ಕೇಳುವವರನ್ನು ಈ ಕೆಲಸಕ್ಕೆ ಆರಿಸಬೇಡಿ. ಸಂಬಂಧಿಕರನ್ನೂ ಬೇಡ; ಕೇಳಿದ ಮಾತು ಮರುದಿನವೇ ಅತ್ತೆಯ ಕಿವಿಗೆ ಬೀಳುತ್ತದೆ. ಕೇಳಿದ್ದನ್ನು ಯಾರಿಗೂ ಹೇಳುವುದಿಲ್ಲ ಎಂಬ ಮಾತನ್ನು ಬರವಣಿಗೆಯಲ್ಲೇ ತೆಗೆದುಕೊಳ್ಳಿ. ಇದಕ್ಕೆ ವಿನಾಯಿತಿ ಒಂದೇ: ಯಾರದಾದರೂ ಪ್ರಾಣಕ್ಕೆ, ಮೈಗೆ ಅಪಾಯವಿದ್ದರೆ ಸಭಾಪಾಲಕರಿಗೆ ತಿಳಿಸಲೇಬೇಕು. ಈ ವಿನಾಯಿತಿಯನ್ನು ಹೊಸ ಜೋಡಿಗೂ ಮೊದಲ ದಿನವೇ ಹೇಳಿಬಿಡಿ.

ಗಂಡ ಗಲ್ಫಿನಲ್ಲಿ, ಹೆಂಡತಿ ಊರಿನಲ್ಲಿ ಇರುವ ಸಂಸಾರಗಳಿಗೆ ಭೇಟಿ ವಿಡಿಯೊ ಕರೆಯಲ್ಲಿ ಆಗಬೇಕು. ಶುಕ್ರವಾರ ನಮ್ಮ ರಾತ್ರಿ 8.30 ಒಳ್ಳೆಯ ಹೊತ್ತು: ದುಬೈ, ಮಸ್ಕತ್‌ನಲ್ಲಿ ಆಗ 7 ಗಂಟೆ, ಕುವೈತ್, ಕತಾರ್, ಸೌದಿಯಲ್ಲಿ 6. ಊರಿನಲ್ಲಿರುವ ಹೆಂಡತಿಯನ್ನು ಭೇಟಿಮಾಡುವವರು ಯಾವಾಗಲೂ ಗಂಡಹೆಂಡತಿ ಇಬ್ಬರೂ ಒಟ್ಟಿಗೆ ಹೋಗಲಿ. ಒಬ್ಬರೇ ಹೋದರೆ ನೆರೆಹೊರೆಯ ಬಾಯಿ ಸುಮ್ಮನಿರುವುದಿಲ್ಲ, ಅದರ ನೋವು ಆಕೆಯ ಪಾಲಿಗೇ ಬರುತ್ತದೆ.

ಹಂತ 7: ಮನೆಯೊಳಗೆ ಹಿಂಸೆ, ಕುಡಿತ, ಕಾಯಿಲೆ ಇದ್ದರೆ

ದಾಂಪತ್ಯಕ್ಕೆ ಬೆಂಬಲ ಕೊಡುತ್ತೇವೆ ಎಂದು ಹೊರಟ ಸಭೆಯ ಬಾಗಿಲಿಗೆ ಈ ಕಷ್ಟಗಳು ಬಂದೇ ಬರುತ್ತವೆ. ಮೊದಲ ಭಾನುವಾರಕ್ಕೆ ಮುಂಚೆಯೇ ತಂಡ ಇದಕ್ಕೆ ಸಿದ್ಧವಾಗಿರಲಿ.

ಹೊಡೆತದ ದೂರು ಬಂದರೆ ಗಂಡ ಹೆಂಡತಿಯನ್ನು ಒಂದೇ ಕೋಣೆಯಲ್ಲಿ ಕೂರಿಸಿ ರಾಜಿ ಮಾಡಿಸಬೇಡಿ. ಅಲ್ಲಿ ಆಕೆ ಹೇಳಿದ ಪ್ರತಿ ಮಾತಿಗೂ ಮನೆಗೆ ಹೋದ ಮೇಲೆ ಲೆಕ್ಕ ಕೇಳಲಾಗುತ್ತದೆ. ‘ತಾಳಿಕೊಳ್ಳಮ್ಮ, ಪ್ರಾರ್ಥನೆ ಮಾಡು, ಸರಿಹೋಗುತ್ತಾನೆ’ ಎಂದು ಕಳಿಸುವುದು ಆಕೆಯನ್ನು ಒಬ್ಬಂಟಿ ಮಾಡುವುದೇ. ಆಕೆಯ ಮಾತನ್ನು ಪ್ರತ್ಯೇಕವಾಗಿ, ಒಬ್ಬ ಹೆಂಗಸಿನ ಸಮ್ಮುಖದಲ್ಲಿ ಕೇಳಿ. ಇಂದು ರಾತ್ರಿ ಮನೆಗೆ ಹೋಗಲು ಭಯವಿದೆಯೇ ಎಂಬುದು ಮೊದಲ ಪ್ರಶ್ನೆ. ತುರ್ತಿಗೆ 112, ಮಹಿಳಾ ಸಹಾಯವಾಣಿ 181. ಜಿಲ್ಲೆಗಳಲ್ಲಿ ನೊಂದ ಹೆಂಗಸರಿಗೆ ನೆರವಾಗುವ ಸಖಿ ಕೇಂದ್ರ, ಸಾಂತ್ವನ ಕೇಂದ್ರಗಳಿವೆ. ನಿಮ್ಮ ಊರಿಗೆ ಹತ್ತಿರದ್ದರ ವಿಳಾಸವನ್ನು ಈಗಲೇ ಬರೆದಿಟ್ಟುಕೊಳ್ಳಿ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಸಂರಕ್ಷಣಾಧಿಕಾರಿಯ ಮೂಲಕ ರಕ್ಷಣಾ ಆದೇಶ, ಅದೇ ಮನೆಯಲ್ಲಿ ಉಳಿಯುವ ಹಕ್ಕು, ಜೀವನಾಂಶ ಕೇಳಬಹುದು. ಅದಕ್ಕೆ ವಿಚ್ಛೇದನ ಬೇಕೆಂದೇನೂ ಇಲ್ಲ. ಹೆಂಗಸರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರ ನೆರವು ಉಚಿತ, ಸಹಾಯವಾಣಿ 15100.

ಕುಡಿತಕ್ಕೆ ಉಪದೇಶ ಔಷಧಿಯಲ್ಲ. ವರ್ಷಗಟ್ಟಲೆ ವಿಪರೀತ ಕುಡಿದವರು ಪ್ರಾರ್ಥನಾ ಕೂಟದಲ್ಲಿ ಆಣೆ ಮಾಡಿ ಒಮ್ಮೆಲೇ ಬಿಟ್ಟರೆ ಎರಡು ಮೂರು ದಿನಗಳಲ್ಲಿ ಫಿಟ್ಸ್, ಭ್ರಮೆ ಬರಬಹುದು, ಪ್ರಾಣಕ್ಕೂ ಅಪಾಯ. ಮೊದಲು ಆಸ್ಪತ್ರೆ, ಆಮೇಲೆ ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್‌ನಂಥ ಗುಂಪು. ಇಂಥ ಕೂಟಗಳಿಗೆ ಜಾಗ ಬೇಕಾಗಿರುತ್ತದೆ. ವಾರಕ್ಕೊಮ್ಮೆ ಸಭೆಯ ಒಂದು ಕೋಣೆ ಬಿಟ್ಟುಕೊಡುವುದು ಎಷ್ಟೋ ಸಂಸಾರಗಳಿಗೆ ಮಾಡುವ ದೊಡ್ಡ ಉಪಕಾರ. ಖಿನ್ನತೆ, ಸಂಶಯರೋಗ, ಹೆರಿಗೆಯ ನಂತರದ ಮನೋವ್ಯಥೆಗೆ ಟೆಲಿ–ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೂ ಮಾತಾಡಬಹುದು. ಜಿಲ್ಲಾಸ್ಪತ್ರೆಗಳಲ್ಲಿ ಮನೋವೈದ್ಯರಿರುತ್ತಾರೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಇಂಥ ಕಾಯಿಲೆಯನ್ನು ದೆವ್ವದ ಕಾಟ ಎಂದು ಹೇಳಿ ಮಾತ್ರೆ ನಿಲ್ಲಿಸುವವರನ್ನು ಸಭೆಯಿಂದ ದೂರವಿಡಿ.

ಈ ನಾಲ್ಕು ನಂಬರುಗಳನ್ನು ಒಂದು ಚಿಕ್ಕ ಕಾರ್ಡಿಗೆ ಅಚ್ಚುಹಾಕಿಸಿ, ಹೆಂಗಸರ ಶೌಚಾಲಯದ ಬಾಗಿಲಿನ ಒಳಭಾಗಕ್ಕೆ ಅಂಟಿಸಿ. ಯಾರ ಕಣ್ಣಿಗೂ ಬೀಳದೆ ಬರೆದುಕೊಳ್ಳಲು ಆಗುವ ಜಾಗ ಅದು.

ಹಂತ 8: ದಾಂಪತ್ಯ ಭಾನುವಾರದ ಮರುವಾರ

ತಂಡ ಒಂದು ಗಂಟೆ ಕೂತು ಮೂರು ವಿಷಯ ಬರೆದಿಡಲಿ: ಎಷ್ಟು ಜೋಡಿ ನಿಂತರು, ಯಾರು ಬರಲಿಲ್ಲ, ಎಷ್ಟು ಖರ್ಚಾಯಿತು. ಬಾರದವರಲ್ಲಿ ಇಬ್ಬರ ಮನೆಗಾದರೂ ಅದೇ ತಿಂಗಳು ಹೋಗಿಬನ್ನಿ, ‘ಯಾಕೆ ಬರಲಿಲ್ಲ’ ಎಂದು ಕೇಳುವುದಕ್ಕಲ್ಲ, ಹೇಗಿದ್ದೀರಿ ಎಂದು ಕೇಳುವುದಕ್ಕೆ. ಇನ್ನು ಮುಂದೆ ಪ್ರತಿ ಭಾನುವಾರ ಹುಟ್ಟುಹಬ್ಬದ ಜೊತೆಗೆ ಆ ವಾರದ ವಿವಾಹ ವಾರ್ಷಿಕೋತ್ಸವಗಳಿಗೂ ಪ್ರಾರ್ಥನೆ ಇರಲಿ. ಒಪ್ಪಿಗೆ ಕೊಟ್ಟವರ ಹೆಸರುಗಳನ್ನು ಮಾತ್ರ ಓದಿ. ಅಕ್ಟೋಬರಿನ ತರಗತಿಗೆ ಡಾಕ್ಟರ್, ವಕೀಲರ ದಿನಾಂಕವನ್ನು ತಂಡದ ಈ ಕೂಟದಲ್ಲೇ ಗೊತ್ತುಮಾಡಿ. ತಂಡದ ಆರು ಜನರಲ್ಲಿ ಇಬ್ಬರು ಪ್ರತಿ ವರ್ಷ ಬದಲಾಗಲಿ, ನಾಲ್ವರು ಉಳಿಯಲಿ. ಎಲ್ಲರೂ ಒಟ್ಟಿಗೆ ಬದಲಾದರೆ ಹಂತ 2ರ ಪಟ್ಟಿಯನ್ನು ಮತ್ತೆ ಮೊದಲಿನಿಂದ ಮಾಡಬೇಕಾಗುತ್ತದೆ.